ಡಿವಿಡಿಗೆ ಬಾಗಿಲು ಬರೆದುಕೊಟ್ಟ ಮೇಷ್ಟ್ರು

ಮೇಷ್ಟ್ರು ಯಾವ ಡಿವಿಡಿ ಮಾಡಿದರೂ ಅದನ್ನು ಮೊದಲು ಎದುರು ಮನೆಯ ಅಜ್ಜಿಯಿಂದ ಪರೀಕ್ಷೆ ಮಾಡಿಸುತ್ತಿದ್ದರು. ಅಜ್ಜಿಗೆ ಓದು ಬಾರದು, ಒಂದು ಕಣ್ಣು ಮಂಜು. ಆಕೆಯನ್ನು ಟಿ.ವಿ. ಮುಂದೆ ಕೂರಿಸಿ, ಕೈಗೆ ರಿಮೋಟು ಕೊಟ್ಟು, ತಾವು ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಯಾರೂ ಬಾಯಿ ಬಿಡುವಂತಿಲ್ಲ. ಅಜ್ಜಿ ಬಾಣದ ಗುಂಡಿ ಒತ್ತಿ, ನಡುವಿನ ಗುಂಡಿ ಒತ್ತಿ, ತಾನು ನೋಡಬೇಕೆಂದ ಕಡೆ ಹೋಗಿ ಮತ್ತೆ ಮೊದಲಿನ ಜಾಗಕ್ಕೆ ಬಂದರೆ ಡಿಸ್ಕ್ ಪಾಸು. ಎಲ್ಲಾದರೂ ತಡವರಿಸಿದರೆ ಫೇಲು.

"ಅಜ್ಜಿದು ತಪ್ಪಲ್ಲ ಕಣಯ್ಯ, ನೀನು ಬಾಗ್ಲನ್ನ ತಪ್ಪು ಜಾಗದಲ್ಲಿ ಮಡಗಿದ್ದೀಯ" ಎಂದು ನನ್ನನ್ನು ಮತ್ತೆ ಕಂಪ್ಯೂಟರಿನ ಮುಂದೆ ಕೂರಿಸುತ್ತಿದ್ದರು. ಅಜ್ಜಿ ಎಲೆಯಡಿಕೆ ಹಾಕಿಕೊಂಡು ನನ್ನನ್ನೇ ನೋಡಿ ನಗುತ್ತಿದ್ದಳು. ನಾನು ಎಷ್ಟು ಸಲ ಫೇಲಾದೆನೋ ಆಕೆಗೆ ಗೊತ್ತು.

ಗುಂಡ್ಲುಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮದುವೆ, ಗೃಹಪ್ರವೇಶ, ತಿಥಿ, ಯಾವುದಕ್ಕೆ ಕರೆದರೂ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತಿದ್ದೆ. ಕ್ಯಾಸೆಟ್ ಹೋಗಿ ಡಿಸ್ಕ್ ಬಂದ ಕಾಲ ಅದು. ನಾನು ತೆಗೆದದ್ದನ್ನೆಲ್ಲ ಹಾಗೇ ಡಿಸ್ಕಿಗೆ ಇಳಿಸಿ ಕೊಡುತ್ತಿದ್ದೆ. ಹಾಕಿದರೆ ಚಪ್ಪರದ ಪೂಜೆಯಿಂದ ಹಿಡಿದು ಬೀಗರ ಊಟದವರೆಗೆ ನಿಲ್ಲದೆ ಓಡುವುದು. ಕೇರಳದ ಕಡೆಯ ಸ್ಟುಡಿಯೋದವರ ಡಿಸ್ಕು ಹಾಗಲ್ಲವಂತೆ, ಮೊದಲು ಗಂಡು ಹೆಣ್ಣಿನ ಫೋಟೋ ಬಂದು ಪಕ್ಕದಲ್ಲಿ ಸಾಲಾಗಿ ಹೆಸರು ಬರುತ್ತವಂತೆ, ಯಾವುದನ್ನು ಒತ್ತಿದರೆ ಅದೇ ಬರುತ್ತದಂತೆ ಎಂದು ಜನ ಮಾತಾಡತೊಡಗಿದರು. ಒಬ್ಬ ಗಿರಾಕಿಯಂತೂ ನನ್ನ ಡಿಸ್ಕನ್ನು ತಂದು ಮೇಜಿನ ಮೇಲೆ ಇಟ್ಟು, ತಾಳಿ ಕಟ್ಟೋದು ನೋಡಬೇಕು ಅಂದರೆ ಅಡುಗೆಯವರು ಈರುಳ್ಳಿ ಹೆಚ್ಚೋದನ್ನೆಲ್ಲ ನೋಡಬೇಕಲ್ಲಯ್ಯ ಎಂದು ಹೇಳಿ ಹೋದ.

ಚಾಮರಾಜನಗರದಲ್ಲಿ ಒಬ್ಬರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಈ ಕೆಲಸ ಕಲಿತಿದ್ದಾರೆ ಎಂದು ಹೇಳಿದವಳು ನನ್ನ ಹೆಂಡತಿ. ಅವಳ ತವರು ಕುದೇರು, ಮೇಷ್ಟ್ರ ಊರೂ ಅದೇ, ಇಬ್ಬರೂ ಒಂದೇ ಜನ, ಒಂದೇ ಕುಲ. ಹೋಗಿ ನಿಂತೆ. ಮೇಷ್ಟ್ರು ಸಣಕಲು ಆಳು, ಉಗುರಿನ ಸಂದಿಯಲ್ಲೆಲ್ಲ ಬಣ್ಣ. ಕಂಪ್ಯೂಟರಿಗೆ ಹೆಂಡತಿಯ ಹಳೇ ರೇಷ್ಮೆ ಸೀರೆ ಹೊದಿಸಿದ್ದರು. ಹಿತ್ತಿಲಿನ ಸೊಪ್ಪಿನ ಮಡಿಗಳ ಮೇಲೆ ಕೆಟ್ಟ ಡಿಸ್ಕುಗಳನ್ನು ದಾರಕ್ಕೆ ಪೋಣಿಸಿ ಕಟ್ಟಿದ್ದರು. ಬಿಸಿಲಿಗೆ ಅವು ಮಿಂಚಿ ಹಕ್ಕಿ ಹತ್ತಿರ ಬರುತ್ತಿರಲಿಲ್ಲ. ಅಷ್ಟು ಡಿಸ್ಕು ಕೆಡಿಸಿಕೊಂಡೇ ತಾವು ಕಲಿತದ್ದು ಎಂದು ಅವರು ತೋರಿಸಿದ ಮೇಲೆ ನನಗೆ ಧೈರ್ಯ ಬಂತು.

ವಾರಕ್ಕೊಮ್ಮೆ ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಹೋಗತೊಡಗಿದೆ. ಮೊದಲು ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಅದರ ಮೇಲೆ ಒಂದು ಮನೆ ಬರೆಸಿದರು. ನಡುಮನೆಯೇ ಮೆನು, ಅಂದರೆ ಡಿಸ್ಕ್ ಹಾಕಿದ ಕೂಡಲೇ ಬರುವ ಹೆಸರುಗಳ ಪಟ್ಟಿ. ಚಪ್ಪರ, ಧಾರೆ, ಆರತಿ, ಊಟ ಒಂದೊಂದೂ ಒಂದೊಂದು ಕೋಣೆ. ಪ್ರತಿ ಕೋಣೆಗೂ ಒಳಗೆ ಹೋಗಲು ಒಂದು ಬಾಗಿಲು, ನಡುಮನೆಗೆ ವಾಪಸು ಬರಲು ಒಂದು ಬಾಗಿಲು. ಒಂದು ಭಾಗ ಮುಗಿದ ಮೇಲೆ ಎಲ್ಲಿಗೆ ಹೋಗಬೇಕೆಂದು ನಾವೇ ಹೇಳಿಡಬೇಕು, ಹೇಳದಿದ್ದರೆ ಅದು ತನ್ನ ಪಾಡಿಗೆ ಮುಂದಿನ ಕೋಣೆಗೆ ನುಗ್ಗುತ್ತದೆ ಎನ್ನುವುದು ಅವರ ಮೊದಲ ಪಾಠ. ಕೊನೆತನಕ ಕೂತು ನೋಡದೆ ಯಾವ ಡಿಸ್ಕನ್ನೂ ಯಾರ ಕೈಗೂ ಕೊಡಬಾರದು ಎನ್ನುವುದು ಎರಡನೆಯದು.

ಆ ಸಾಫ್ಟ್‌ವೇರಿನಲ್ಲಿ ಕನ್ನಡ ಅಕ್ಷರ ಒತ್ತಿದರೆ ಬರೀ ಚೌಕಗಳು ಬರುತ್ತಿದ್ದವು. ಮೇಷ್ಟ್ರು ಅದಕ್ಕೆ ಬಗ್ಗಲಿಲ್ಲ. 'ಧಾರೆ', 'ಆರತಿ', 'ಹಿಂದಕ್ಕೆ' ಎಂದು ಬ್ರಷ್ಷಿನಲ್ಲಿ ದುಂಡಗೆ ಬರೆದು, ಅದರ ಫೋಟೋ ತೆಗೆದು, ಆ ಚಿತ್ರವನ್ನೇ ಗುಂಡಿ ಮಾಡಿ ಕೂರಿಸುತ್ತಿದ್ದರು. ಒಂದು ಮದುವೆಯಲ್ಲಿ ಊಟದ ಪಂಕ್ತಿಯ ವಿಚಾರಕ್ಕೆ ಬೀಗರಿಗೂ ಹೆಣ್ಣಿನ ಮನೆಯವರಿಗೂ ಜೋರು ಜಗಳವಾಗಿತ್ತು. ಆ ತುಣುಕು ತೆಗೆದು ಹಾಕಲೇ ಎಂದು ಕೇಳಿದೆ. ಯಾಕಯ್ಯ, ಅದಕ್ಕೂ ಒಂದು ಕೋಣೆ ಕೊಡು, ಜನ ಮೊದಲು ಒತ್ತುವುದು ಅದನ್ನೇ ಎಂದರು. 'ಮುನಿಸು' ಎಂದು ಬಣ್ಣದಲ್ಲಿ ಬರೆದೂ ಕೊಟ್ಟರು. ಅದನ್ನು ಹಾಕುವಷ್ಟು ಎದೆ ನನಗಿರಲಿಲ್ಲ. ಆದರೆ ಅವರ ಅಕ್ಷರ ಇದ್ದ ಡಿಸ್ಕುಗಳಿಂದ ನನ್ನ ಸ್ಟುಡಿಯೋ ಮತ್ತೆ ನಡೆಯಿತು. ಕೇರಳದ ಡಿಸ್ಕಿನ ಮಾತು ನಿಂತಿತು.

ಇನ್ನು ಅವರ ಮಗಳ ವಿಷಯ. ಒಬ್ಬಳೇ ಮಗಳು, ಬೇರೆ ಜನದ ಹುಡುಗನನ್ನು ಮದುವೆಯಾದಳು. ಹುಡುಗ ಅರಣ್ಯ ಇಲಾಖೆಯಲ್ಲಿ ಗಾರ್ಡು, ಬಂಡೀಪುರದ ಕಡೆ ಕ್ವಾರ್ಟರ್ಸು. ಕುದೇರಿನ ನಮ್ಮ ಕುಲದ ಯಜಮಾನರು ಕೂತು ಮಾತಾಡಿ, ಆ ಹುಡುಗಿಯ ಜೊತೆ ಹೋಗಿಬಂದು ಮಾಡುವವರು ಯಾರೇ ಆಗಲಿ ಕುಲದ ಮನೆಗಳ ಹೊಸಿಲು ತುಳಿಯುವಂತಿಲ್ಲ ಎಂದರು. ಮೇಷ್ಟ್ರು ತಮಗಾಗಿ ಹೆದರುವವರಲ್ಲ. ಆದರೆ ಅವರ ತಾಯಿ ಕುದೇರಿನಲ್ಲಿ ಮೇಷ್ಟ್ರ ತಮ್ಮನ ಮನೆಯಲ್ಲಿದ್ದಳು. ತೊಂಬತ್ತರ ಆಸುಪಾಸು, ಹಾಸಿಗೆ ಹಿಡಿದಿದ್ದಳು. ಮೇಷ್ಟ್ರು ಭಾನುವಾರ ಭಾನುವಾರ ಹೋಗಿ ಆಕೆಯ ಉಗುರು ಕತ್ತರಿಸಿ, ತಲೆ ಬಾಚಿ, ಮುದ್ದೆಯನ್ನು ಸಣ್ಣಗೆ ಮುರಿದು ಸಾರಿನಲ್ಲಿ ಅದ್ದಿ ತಿನ್ನಿಸಿ ಬರುತ್ತಿದ್ದರು. ಬೇರೆ ಯಾರು ಕೊಟ್ಟರೂ ಅವಳು ಬಾಯಿ ಬಿಗಿದುಕೊಳ್ಳುತ್ತಿದ್ದಳು. ಕುಲದಿಂದ ಹೊರಗಾದರೆ ಆ ಮನೆಗೆ ಕಾಲಿಡುವಂತಿಲ್ಲ.

"ನಾನು ಆ ಮದ್ವೆಗೆ ಓಗ್ನಿಲ್ಲ ಕಣಯ್ಯ. ಅವಳ ಮೊಕ ನೋಡಿ ವರ್ಸಾಯ್ತು" ಎಂದು ಮೇಷ್ಟ್ರು ನನ್ನ ಮುಂದೆ ಕಣ್ಣೊರೆಸಿಕೊಂಡರು. ನಾನು ಅವರ ಭುಜ ಹಿಡಿದು ಸಮಾಧಾನ ಮಾಡಿದೆ.

ಯಜಮಾನರಿಗೆ ಅನುಮಾನ ಹೋಗಲಿಲ್ಲ. ವಾರ ವಾರ ಮೇಷ್ಟ್ರ ಮನೆಗೆ ಹೋಗುವವನು ನಾನು ಎಂದು ತಿಳಿದು ನನ್ನನ್ನು ಕರೆಸಿದರು. ಗುಡಿಯ ಮುಂದೆ ಕರ್ಪೂರ ಹಚ್ಚಿ, ಅಪ್ಪ ಮಗಳು ಒಬ್ಬರನ್ನೊಬ್ಬರು ಕಾಣುತ್ತಾರೋ ಇಲ್ಲವೋ ಹೇಳು ಎಂದರು. ಕರ್ಪೂರದ ಮೇಲೆ ಕೈಯಿಟ್ಟು ಸುಳ್ಳು ಹೇಳಿದರೆ ಅದು ಮಕ್ಕಳಿಗೆ ತಟ್ಟುತ್ತದೆ ಎಂದು ನಂಬಿ ಬೆಳೆದವನು ನಾನು. ನನಗೆ ಅಂಜಿಕೆಯೇ ಇರಲಿಲ್ಲ. ಅವರ ಕಣ್ಣೀರು ನೋಡಿದ್ದೆನಲ್ಲ. ಉರಿಯ ಮೇಲೆ ಕೈಯಾಡಿಸಿ, ಇಲ್ಲ ಎಂದೆ. ನೀನು ಹೇಳಿದ ಮೇಲೆ ಮುಗೀತು ಬುಡು ಎಂದು ದೊಡ್ಡ ಯಜಮಾನರು ಎದ್ದರು. ಮೇಷ್ಟ್ರಿಗೆ ಭಾನುವಾರಗಳು ಉಳಿದವು.

ಆಮೇಲೆ ಮೇಷ್ಟ್ರೇ ಆಗಾಗ ಗುಂಡ್ಲುಪೇಟೆಗೆ ಬರತೊಡಗಿದರು. ನನ್ನ ಅಂಗಡಿಯಲ್ಲಿ ಟೀ ಕುಡಿದು, ನಾನು ಮಾಡಿದ ಮೆನು ನೋಡಿ ಎರಡು ಮಾತು ಬೈದು, ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬರುತ್ತೇನೆ ಎಂದು ಹೊರಡುತ್ತಿದ್ದರು. ಬಗಲಿನ ಚೀಲದಿಂದ ಕಜ್ಜಾಯದ ವಾಸನೆ ಬರುತ್ತಿತ್ತು. ದೇವರಿಗೆ ನೈವೇದ್ಯ ಇರಬೇಕು ಅಂದುಕೊಳ್ಳುತ್ತಿದ್ದೆ. ಕಾಡಿನ ಗೇಟು ಮುಚ್ಚುವ ಮುಂಚೆ ವಾಪಸು ಬಂದು ಚಾಮರಾಜನಗರದ ಬಸ್ಸು ಹತ್ತುತ್ತಿದ್ದರು. ಇಷ್ಟು ಭಕ್ತಿ ಇವರಿಗೆ ಯಾವಾಗ ಬಂತು ಎಂದು ನನ್ನ ಹೆಂಡತಿ ಒಂದು ಸಲ ಕೇಳಿದಳು. ವಯಸ್ಸಾಯಿತಲ್ಲ ಎಂದೆ.

ಹೀಗಿರುವಾಗ ಕುದೇರಿನಲ್ಲಿ ಮೇಷ್ಟ್ರ ತಮ್ಮನ ಮಗನ ಮದುವೆಯಾಯಿತು. ವಿಡಿಯೋ ನನ್ನದೇ. ಡಿಸ್ಕ್ ಕೊಡುವ ಹೊತ್ತಿಗೆ ನನ್ನ ಕಂಪ್ಯೂಟರ್ ಕೆಟ್ಟು ರಿಪೇರಿಗೆ ಹೋಗಿತ್ತು. ಮೇಷ್ಟ್ರು ಹೆಂಡತಿಯ ಕಣ್ಣಿನ ಆಪರೇಷನ್ನಿಗೆ ಮೈಸೂರಿಗೆ ಹೊರಟಿದ್ದರು. ಎದುರು ಮನೆ ಅಜ್ಜಿಯ ಹತ್ತಿರ ಬೀಗದ ಕೈ ಇರುತ್ತದೆ, ನಮ್ಮ ಕಂಪ್ಯೂಟರಿನಲ್ಲೇ ಮಾಡಿಕೋ ಎಂದರು. ಅಷ್ಟು ನಂಬಿಕೆ.

ನಾನು ಸೋಮಾರಿತನ ಮಾಡಿದೆ. ಹೊಸದಾಗಿ ಮನೆ ಬರೆದು, ಬಾಗಿಲು ಜೋಡಿಸುವ ಬದಲು ಮೇಷ್ಟ್ರು ತಮ್ಮ ಮನೆಗೆಂದು ಮಾಡಿಕೊಂಡಿದ್ದ ಡಿಸ್ಕಿನ ಫೈಲನ್ನು ತೆರೆದೆ. ಅದರಲ್ಲಿ ಅವ್ವ, ಯುಗಾದಿ, ಗೌರಿ ಹಬ್ಬ ಎಂದು ಮೂರು ನಾಲ್ಕು ಕೋಣೆಗಳಿದ್ದವು. ಅದನ್ನೇ ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ಅವರ ಚಿತ್ರದ ಜಾಗಕ್ಕೆ ಮದುವೆಯ ಚಿತ್ರ ಇಟ್ಟುಕೊಂಡು ಹೋದೆ. ಎಲ್ಲ ಮುಗಿಯಿತು ಎನ್ನುವಾಗ ಒಂದು ತುಣುಕು ಮಿಕ್ಕಿತು. ಅದಕ್ಕೆ ಮೆನುವಿನಲ್ಲಿ ಗುಂಡಿಯೇ ಇರಲಿಲ್ಲ. ಕೊನೆಯ ಕೋಣೆ ಮುಗಿದ ಮೇಲೆ ನಡುಮನೆಗೆ ಬಾರದೆ ಅಲ್ಲಿಗೆ ಹೋಗುವಂತೆ ಜೋಡಿಸಿತ್ತು.

ತೆರೆದು ನೋಡಿದೆ. ಮೊದಲು ಬರೀ ಕಪ್ಪು. ಮುಗಿಯಿತೇನೋ ಎಂದು ಎದ್ದು ಹೋಗುವಷ್ಟು ಹೊತ್ತು ಕಪ್ಪು. ಅದಾದ ಮೇಲೆ ಒಂದು ಸಣ್ಣ ಗುಡಿಯ ಅಂಗಳ, ಹಳದಿ ಸೀರೆಯಲ್ಲಿ ಮಗಳು, ಪಕ್ಕದಲ್ಲಿ ಗಾರ್ಡು ಹುಡುಗ. ಮೇಷ್ಟ್ರು ಅಕ್ಷತೆ ಹಾಕುತ್ತಿದ್ದರು. ಅಳಿಯನ ಬಾಯಿಗೆ ಸಿಹಿ ಇಡಲು ಹೋಗಿ ಮೂಗಿಗೆ ತಾಗಿಸಿ, ಎಲ್ಲರಿಗಿಂತ ಜೋರಾಗಿ ತಾವೇ ನಗುತ್ತಿದ್ದರು.

ಉಪಾಯ ನನಗೆ ಅರ್ಥವಾಯಿತು. ಮನೆಗೆ ಬಂದ ನೆಂಟರು ಹಬ್ಬದ ಭಾಗ ನೋಡಿ ಕಪ್ಪು ಬಂದ ಕೂಡಲೇ ಏಳುತ್ತಾರೆ. ಮೇಷ್ಟ್ರ ಹೆಂಡತಿ ಒಬ್ಬಳೇ ಇದ್ದಾಗ ಏಳದೆ ಕೂತು ಮಗಳ ಮದುವೆ ನೋಡುತ್ತಾಳೆ. ಕಜ್ಜಾಯದ ಚೀಲ, ಗೋಪಾಲಸ್ವಾಮಿ ಬೆಟ್ಟ, ನನ್ನ ಅಂಗಡಿಯ ಟೀ ಎಲ್ಲವೂ ಮಗಳ ಮನೆಯ ದಾರಿ ಎಂದು ಆಗಲೇ ಅರ್ಥವಾಯಿತು.

ನನ್ನ ಮೈ ಉರಿದುಹೋಯಿತು. ನಾನು ಕರ್ಪೂರದ ಮೇಲೆ ಕೈಯಿಟ್ಟಿದ್ದೆ. ನನ್ನ ಇಬ್ಬರು ಮಕ್ಕಳ ತಲೆಯ ಮೇಲೆ ಸುಳ್ಳು ಆಣೆ ಕೂತಿತ್ತು. ಇವರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ನನ್ನ ಎದುರು ಕೂತು, ಬಾಗಿಲು ಎಲ್ಲಿ ಇಡಬೇಕು ಎಂದು ಪಾಠ ಹೇಳಿದರು. ಗುರುವೆಂದು ನಾನು ಕಾಲು ಮುಟ್ಟಿದ ಮನುಷ್ಯ ನನ್ನನ್ನು ಬೇಲಿಯ ಮುಳ್ಳಿನ ಹಾಗೆ ಬಳಸಿಕೊಂಡಿದ್ದ ಅನ್ನಿಸಿತು.

ಆ ತುಣುಕನ್ನು ತೆಗೆಯಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ನಾನು ಒತ್ತಲಿಲ್ಲ. ಹಾಗೇ ಡಿಸ್ಕ್ ಬರೆಸಿದೆ. ಮರೆತುಹೋಯಿತು ಎಂದು ಇಷ್ಟು ವರ್ಷ ಜನರಿಗೂ ನನಗೂ ಹೇಳಿಕೊಂಡು ಬಂದಿದ್ದೇನೆ. ಮರೆತಿರಲಿಲ್ಲ.

ನಮ್ಮ ಕಡೆ ಮದುವೆ ಡಿಸ್ಕನ್ನು ಮೊದಲ ಸಲ ಹಾಕುವಾಗ ಯಜಮಾನರನ್ನು ಕರೆದು ಕೂರಿಸುತ್ತಾರೆ. ತಾಂಬೂಲ ಕೈಗೆ ಬರುವ ತನಕ ಅವರು ಏಳುವುದಿಲ್ಲ. ಮೇಷ್ಟ್ರ ತಮ್ಮನ ಮನೆಯಲ್ಲಿ ಐದಾರು ಜನ ಯಜಮಾನರು ಚಾಪೆಯ ಮೇಲೆ ಕೂತಿದ್ದರು. ಹೆಂಗಸರು ಅಡುಗೆಮನೆ ಬಾಗಿಲಲ್ಲಿ. ಮೇಷ್ಟ್ರ ತಾಯಿಯನ್ನು ಮಂಚದ ಸಮೇತ ಟಿ.ವಿ. ಹತ್ತಿರ ತಂದಿಟ್ಟಿದ್ದರು. ಬೀಗರ ಊಟ ಮುಗಿದು ಪರದೆ ಕಪ್ಪಾಯಿತು. ಸೊಸೆ ಒಳಗೆ ಇನ್ನೂ ತಾಂಬೂಲದ ಎಲೆ ಒರೆಸುತ್ತಿದ್ದಳು. ಯಾರೂ ಏಳಲಿಲ್ಲ. ರಿಮೋಟು ನನ್ನ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ಹಳದಿ ಸೀರೆ ಬಂತು. ಮೇಷ್ಟ್ರ ನಗು ಬಂತು.

ಮಂಚದ ಮೇಲಿದ್ದ ಮುದುಕಿಯೇ ಮೊದಲು ಮಾತಾಡಿದವಳು. "ನಮ್ ಕೂಸಲ್ವ ಅದು? ಅಯ್ಯೋ ನನ್ ಕಂದ, ಎಷ್ಟು ಚಂದಾಗ್ ಕಾಣ್ತಾವ್ಳೆ. ನನ್ ಮಗನೂ ಅಲ್ಲೇ ಅವ್ನೆ ನೋಡ್ರವ್ವ."

ದೊಡ್ಡ ಯಜಮಾನರು ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಕರ್ಪೂರ ಮುಟ್ಟಿದ್ಯಲ್ಲಲಾ ನೀನು?"

"ನಂಗೂ ಮೋಸ ಮಾಡ್ಬುಟ್ರು ಕಣಣ್ಣ" ಎಂದೆ. ಆ ಮಾತು ಚಾಮರಾಜನಗರದಿಂದ ಬರುವಾಗಲೇ ನನ್ನ ಬಾಯಲ್ಲಿ ತಯಾರಿತ್ತು.

ಅವರು ತಾಂಬೂಲ ತೆಗೆದುಕೊಳ್ಳದೆ ಎದ್ದು ಹೋದರು. ಮೇಷ್ಟ್ರ ತಮ್ಮನೂ ಊರಿನಲ್ಲಿ ಬಾಳಬೇಕಲ್ಲ, ಅಣ್ಣನಿಗೆ ಫೋನ್ ಮಾಡಿ ಇನ್ನು ಈ ಕಡೆ ಬರಬೇಡ ಎಂದು ಹೇಳಿದ.

ಮೈಸೂರಿನಿಂದ ಬಂದ ಮೇಷ್ಟ್ರು ನೇರ ನನ್ನ ಅಂಗಡಿಗೆ ಬಂದರು. ಬೈಯುತ್ತಾರೆ ಎಂದು ಕಾದೆ. ಸ್ಟೂಲು ಎಳೆದುಕೊಂಡು ಕೂತು ಕೇಳಿದರು.

"ಕೊನೇಗಂಟ ನೋಡಿದ್ಯಾ ಅದನ್ನ?"

"ಇಲ್ಲ ಮೇಷ್ಟ್ರೇ. ಪುರುಸೊತ್ತಾಗ್ಲಿಲ್ಲ."

"ಅಂಗಾದ್ರೆ ತಪ್ಪು ನಂದೇ ಬುಡು. ಅದನ್ನ ಅಲ್ಲಿ ಮಡಗ್ಬಾರ್ದಾಗಿತ್ತು."

ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ನಾನು ಆಗಲಿಲ್ಲ. ನನ್ನ ಕೈಲಿ ಸುಳ್ಳು ಆಣೆ ಮಾಡಿಸಿದಿರಲ್ಲ ಎಂದು ಏರು ದನಿಯಲ್ಲಿ ಕೇಳಿದೆ. ಅವರು ತಲೆಯಾಡಿಸಿದರು.

"ಹೂಂ ಕಣಯ್ಯ, ಮಾಡಿಸ್ದೆ. ಅವ್ವನ್ನ ಬುಟ್ಟಿರಕ್ಕಾಗ್ನಿಲ್ಲ, ಮಗಳನ್ನ ಬುಟ್ಟಿರಕ್ಕಾಗ್ನಿಲ್ಲ. ನಡುವ್ಕೆ ನಿನ್ನ ಮಡೀಕೊಂಡೆ."

ಕ್ಷಮಿಸು ಎನ್ನಲಿಲ್ಲ. ನನ್ನನ್ನು ನಂಬಿದರೋ, ನಂಬಿದ ಹಾಗೆ ಮಾಡಿದರೋ ಅದೂ ತಿಳಿಯಲಿಲ್ಲ. ಟೀ ಬೇಡವೆಂದು ಎದ್ದು ಹೋದರು. ಆ ಸಲ ಬೆಟ್ಟದ ಹೆಸರು ಹೇಳಲಿಲ್ಲ, ಬಂಡೀಪುರದ ಬಸ್ಸಿಗೆ ನೇರವಾಗಿ ಕೈ ಅಡ್ಡ ಹಾಕಿದರು.

ಮುಂದಿನ ಬೇಸಗೆಯಲ್ಲಿ ತಾಯಿ ತೀರಿಕೊಂಡಳು. ಕೊನೆಯ ತಿಂಗಳುಗಳಲ್ಲಿ ಅವಳು ಸರಿಯಾಗಿ ಉಣ್ಣಲಿಲ್ಲ, ಮಗನನ್ನು ಕೇಳುತ್ತಿದ್ದಳು ಎಂದು ನನ್ನ ಹೆಂಡತಿಯ ತವರಿನವರು ಹೇಳಿದರು. ಶವಯಾತ್ರೆಯ ವಿಡಿಯೋಗೆ ನನ್ನನ್ನೇ ಕರೆದರು. ಚಟ್ಟ ಎತ್ತುವಾಗ ಮೇಷ್ಟ್ರು ರಸ್ತೆಯ ಆಚೆ ಮಗ್ಗುಲಲ್ಲಿ, ಟೈರು ಪಂಕ್ಚರ್ ಅಂಗಡಿಯ ನೆರಳಲ್ಲಿ ನಿಂತಿದ್ದರು. ಹಿರಿಮಗ ಅಲ್ಲಿ, ಬೆಂಕಿ ಹಿಡಿದ ಕಿರಿಮಗ ಇಲ್ಲಿ. ಕ್ಯಾಮೆರಾದ ಕಣ್ಣಿನಲ್ಲಿ ಅವರನ್ನು ಹತ್ತಿರಕ್ಕೆ ತಂದುಕೊಂಡೆ. ಮೆರವಣಿಗೆ ಮುಂದೆ ಹೋದಂತೆ ಅವರೂ ರಸ್ತೆಯ ಆ ಬದಿಯಲ್ಲೇ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಆ ಕಡೆ ತೆಗಿಬೇಡ ಎಂದು ಯಾರೋ ಹೇಳಿದರು. ಕ್ಯಾಮೆರಾ ತಿರುಗಿಸಿಬಿಟ್ಟೆ.

ಆಮೇಲೆ ನಾವು ಮಾತಾಡಿದ್ದು ಕಡಿಮೆ. ಎದುರಾದರೆ ಅವರು ಯೋಗಕ್ಷೇಮ ಕೇಳುತ್ತಿದ್ದರು, ನಾನು ತಲೆ ತಗ್ಗಿಸಿ ಉತ್ತರ ಹೇಳುತ್ತಿದ್ದೆ. ಡಿಸ್ಕಿನ ಕಾಲವೂ ಹೋಯಿತು. ಜನ ಪೆನ್‌ಡ್ರೈವ್ ಕೇಳಿದರು, ಆಮೇಲೆ ಮೊಬೈಲಿಗೇ ಕಳಿಸಿ ಎಂದರು. ನಾನು ಸ್ಟುಡಿಯೋ ಮುಚ್ಚಿದೆ. ಹೇಳಿಬಿಡಬೇಕು ಎಂದು ಎರಡು ಮೂರು ಸಲ ಚಾಮರಾಜನಗರದ ತನಕ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು ವಾಪಸು ಬಂದಿದ್ದೇನೆ. ಕಳೆದ ವರ್ಷ ಮೇಷ್ಟ್ರು ಮಗಳ ಮನೆಯಲ್ಲೇ ತೀರಿಕೊಂಡರು.

ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಆ ಮಗಳು ನಮ್ಮ ಮನೆಗೆ ಬಂದಳು. ಕೂದಲು ನರೆತಿದೆ, ನಗು ಮಾತ್ರ ಅಪ್ಪನದೇ. ಅಪ್ಪನ ಕಂಪ್ಯೂಟರ್ ಯಾವಾಗಲೋ ಕೆಟ್ಟು ಹೋಯಿತು, ಅವ್ವ ನೋಡಿ ನೋಡಿ ಮನೆಯ ಡಿಸ್ಕೂ ಸವೆಯಿತು, ಕುದೇರಿನ ಆ ಮದುವೆ ಡಿಸ್ಕಿನ ಕಾಪಿ ನಿಮ್ಮ ಹತ್ತಿರ ಇದೆಯಾ ಅಂಕಲ್ ಎಂದು ಕೇಳಿದಳು. ಇತ್ತು. ಎಸೆಯಲು ಆಗದೆ ಬಟ್ಟೆ ಬೀರುವಿನಲ್ಲಿ ಇಟ್ಟುಕೊಂಡಿದ್ದೆ. ಇವಳ ಮುಂದಾದರೂ ಹೇಳಿ ಹಗುರಾಗಬೇಕು ಎಂದು ಗಟ್ಟಿ ಮಾಡಿಕೊಂಡೇ ಹಳೇ ಪ್ಲೇಯರಿಗೆ ಹಾಕಿದೆ. ಕಪ್ಪು ಬಂದಾಗ, ಮುಗೀತಾ ಎಂದಳು. ತಾಳಮ್ಮ ಎಂದೆ.

ಅಪ್ಪ ನಗತೊಡಗಿದ ಕೂಡಲೇ ಅವಳು ಮೊಬೈಲು ಹಿಡಿದು ಟಿ.ವಿ.ಯಿಂದಲೇ ರೆಕಾರ್ಡ್ ಮಾಡಿಕೊಂಡಳು. ಮುಗಿದ ಮೇಲೆ, ಕುದೇರಿನಲ್ಲಿ ನಮ್ಮಜ್ಜಿ ಅವತ್ತು ಏನಂದರು ಎಂದು ಕೇಳಿದಳು. ಅಜ್ಜಿ ಹೇಳಿದ್ದನ್ನು ಒಂದು ಮಾತು ಬಿಡದೆ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡಳು. ಈಗ ಹೇಳಬೇಕು ಎಂದು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಅವಳೇ ಅಂದಳು. "ಅಪ್ಪ ಬೇಕಂತ್ಲೇ ಅದನ್ನ ಹಾಕ್ಸಿದ್ರು ಅಲ್ವ ಅಂಕಲ್? ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿತ್ತು ಅವ್ರಿಗೆ. ನನ್ ಮದ್ವೇನ ಅಜ್ಜಿ ನೋಡ್ಲಿ, ಊರೂ ನೋಡ್ಲಿ ಅಂತ. ನಾನು ಕೇಳ್ದಾಗೆಲ್ಲ ನಗ್ತಿದ್ರು, ಇಲ್ಲ ಅಂತಿರ್ಲಿಲ್ಲ. ಅದನ್ನ ನೆನೆಸ್ಕೊಂಡೇ ನಾನು ಇಷ್ಟು ವರ್ಷ ತಲೆ ಎತ್ಕೊಂಡು ಓಡಾಡಿದ್ದು."

ನಾನು ಟಿ.ವಿ. ಆರಿಸಿದೆ.

"ಹೂಂ ಕಣವ್ವ" ಎಂದೆ. "ನಂಗೆ ಹೇಳೇ ಹಾಕ್ಸಿದ್ರು."

ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿ ಹೊರಟಳು. ಬಸ್ಸಿಗೆ ಹತ್ತಿಸಿ ಬಂದು ಕೂತವನಿಗೆ ಮೇಷ್ಟ್ರ ಮೇಲೆ ಮತ್ತೆ ಹಳೆಯ ಸಿಟ್ಟೇ ಬಂತು. ಮೊದಲ ಸಲ ಅವರು ನನ್ನಿಂದ ಸುಳ್ಳು ಹೇಳಿಸಿದಾಗ ಸೇಡು ತೀರಿಸಿಕೊಂಡೆ. ಈ ಸಲ ಸತ್ತು ಹೋಗಿ ಹೇಳಿಸಿದ್ದಾರೆ. ನಾನು ಮಾಡಿದ ಪಾಪವನ್ನು ಅವರು ಮಗಳಿಗೆ ಉಡುಗೊರೆ ಮಾಡಿ ಕೊಟ್ಟುಬಿಟ್ಟಿದ್ದಾರೆ. ಅದನ್ನು ನನ್ನದು ಎಂದು ವಾಪಸು ಕೇಳುವುದು ಹೇಗೆ?

ಒಪ್ಪಿಕೊಳ್ಳಬೇಕಾಗಿದ್ದುದು ಅವಳ ಎದುರು. ಆಗದೆ ಇಲ್ಲಿ ಬರೆದಿದ್ದೇನೆ. ಊರು ಕೇರಿಗಳನ್ನು ಒಂದಿಷ್ಟು ಅದಲುಬದಲು ಮಾಡಿದ್ದೇನೆ. ಮೇಷ್ಟ್ರ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಬರೆದರೆ ಅವಳು ಓದಿ ಗುರುತು ಹಿಡಿದಾಳು.